ಇಲ್ಲದ ನಾಯಿಯ ಸಾಲ

ಜನವರಿ 14, ಮಂಗಳವಾರ

ಗೊತ್ತಿಲ್ಲದ ನಂಬರಿನ ಫೋನನ್ನು ನಾನು ಎತ್ತುವುದಿಲ್ಲ. ಗೊತ್ತಿರುವ ನಂಬರೇ ಆದರೂ ಆ ಕಡೆಯವರು ಇಂಗ್ಲಿಷಿನವರಾದರೆ ಇವರ ಕೈಗೆ ಕೊಟ್ಟುಬಿಡುತ್ತೇನೆ. ಮದುವೆಯಾಗಿ ಮಿಷಿಗನ್‌ಗೆ ಬಂದಾಗಿನಿಂದ ಹಾಗೇ ನಡೆದುಬಂದಿದೆ. ಎದುರಿಗೆ ಒಂದು ಮುಖವಿದ್ದರೆ ಇಂಗ್ಲಿಷ್ ಹೇಗೋ ಬರುತ್ತದೆ. ಫೋನಿನಲ್ಲಾದರೆ ಕೈ ಬೆವರುತ್ತದೆ. ಇವತ್ತು ಅಂಗಡಿ ಜಾಗದ ವಿಷಯಕ್ಕೆ ಮಾಲೀಕರ ಆಫೀಸಿನಿಂದ ಕರೆ ಬರುವುದಿತ್ತು. ಅದಕ್ಕೇ ಎತ್ತಿದೆ.

"ಎಚ್. ದಸ್ತಗೀರ್ ಅವರಾ?"

ಹೌದೆಂದೆ. ಹಮೀದಾ ದಸ್ತಗೀರ್ ನಾನೇ ತಾನೆ?

ಅವನ ಹೆಸರು ಬ್ರಾಂಡನ್. ಗ್ರೇಫರ್ನ್ ರಿಕವರಿ ಎಂಬ ಸಾಲ ವಸೂಲಿ ಕಂಪನಿಯವನು. ಶಿಕಾಗೋ ಹತ್ತಿರದ ಯಾವುದೋ ಪಶು ಆಸ್ಪತ್ರೆಯಲ್ಲಿ ಪಿಕಲ್‌ನ ಆಪರೇಷನ್ ಆಗಿದೆಯಂತೆ, 3,860 ಡಾಲರ್ ಬಾಕಿ ಇದೆಯಂತೆ, ಯಾವಾಗ ಕಟ್ಟುತ್ತೀರಿ ಎಂದು ಕೇಳಿದ. ಪಿಕಲ್ ಎಂದರೆ ಉಪ್ಪಿನಕಾಯಿ. ಉಪ್ಪಿನಕಾಯಿಗೆ ಯಾಕಪ್ಪ ಆಪರೇಷನ್ ಎಂದು ಕೇಳುವಷ್ಟು ಧೈರ್ಯ ಬರಲಿಲ್ಲ. "ಸಾರಿ, ಸಾರಿ" ಎನ್ನುತ್ತಾ ಇಟ್ಟುಬಿಟ್ಟೆ.

ಆಮೇಲೆ ಹೊಳೆಯಿತು, ಅದೊಂದು ನಾಯಿ. ಯಾವುದಕ್ಕೂ ಇರಲಿ ಎಂದು ಬೇಸ್‌ಮೆಂಟಿಗೆ ಇಳಿದು ಒಮ್ಮೆ ನೋಡಿಬಂದೆ. ಹೊಲಿಗೆ ಮಷೀನು, ಬಟ್ಟೆ ರಾಶಿ, ಮುಗಿಯದ ಎರಡು ರವಿಕೆ. ನಾಯಿ ಇರಲಿಲ್ಲ.

ಜನವರಿ 15, ಬುಧವಾರ

ಮತ್ತೆ ಅದೇ ನಂಬರು. ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟೆ. ಅಕ್ಕಿಯೊಳಗಿಂದಲೂ ಕೇಳಿಸುತ್ತದೆ.

ಜನವರಿ 23, ಗುರುವಾರ

ಅಂಗಡಿ ಜಾಗ ಕೊಡುವುದಿಲ್ಲವಂತೆ.

ವಿಕ್ಸಮ್ ರೋಡಿನ ಪ್ಲಾಜಾದಲ್ಲಿ ಕ್ಷೌರದಂಗಡಿ ಪಕ್ಕದ ಆ ಜಾಗವನ್ನು ನಾನು ಬೇಸಿಗೆಯಿಂದ ನೋಡಿಟ್ಟಿದ್ದೆ. ಮುಂದಿನ ಗಾಜಿಗೆ ಬೆಳಗಿನ ಬಿಸಿಲು ಬೀಳುತ್ತದೆ. ಟ್ರಯಲ್ ರೂಮಿಗೆ ಹಿಂದೆ ಸರಿಯಾದ ಮೂಲೆಯಿದೆ. ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಬರುವ ಗಿರಾಕಿಗಳು ನಮ್ಮ ಬೇಸ್‌ಮೆಂಟಿನ ಮೆಟ್ಟಿಲಲ್ಲಿ ತಲೆ ಬಗ್ಗಿಸಿ ಇಳಿಯುವುದು ಇನ್ನು ತಪ್ಪುತ್ತದೆ ಎಂದುಕೊಂಡಿದ್ದೆ. ಮಾಲೀಕರು ನನ್ನ ಕ್ರೆಡಿಟ್ ರಿಪೋರ್ಟ್ ತೆಗೆಸಿದರು. ಅದರಲ್ಲಿ ಈ ನಾಯಿಯ ಸಾಲ ಕೂತಿದೆ. ಅದು ಹೋಗುವವರೆಗೆ ಆಗುವುದಿಲ್ಲ, ವಸಂತದವರೆಗೆ ಬೇಕಾದರೆ ಕಾಯುತ್ತೇವೆ ಎಂದರು.

ಇವರು ವಾರೆನ್‌ನ ಆಫೀಸಿನಿಂದ ಬರುವ ಹೊತ್ತಿಗೆ ಟ್ರಾಫಿಕ್ಕಿನಲ್ಲಿ ಬೆಂದುಹೋಗಿದ್ದರು. ಇಡೀ ದಿನ ಕಾರಿನ ಸೀಟುಗಳನ್ನು ವಿನ್ಯಾಸ ಮಾಡುವವರು, ಸಂಜೆ ಅದೇ ಸೀಟಿನಲ್ಲಿ ಒಂದೂವರೆ ಗಂಟೆ ಕೂತು ಬರಬೇಕು. ನಮ್ಮ ಮನೆಯಲ್ಲಿ ಉರ್ದು ಮಾತು. ಸಿಟ್ಟು ಬಂದರೆ ಮಾತ್ರ ಇಬ್ಬರಿಗೂ ರಾಣೆಬೆನ್ನೂರಿನ ಕನ್ನಡ.

"ಕೊಟ್ಟ್ ಬಿಡು ಅತ್ಲಾಗ," ಎಂದರು ಕನ್ನಡದಲ್ಲಿ. "ರೊಕ್ಕ ಹೋದ್ರ ಹೋಗ್ಲಿ, ನಿನ್ನ ಅಂಗಡಿ ಆಗ್ತೈತಿ."

"ನಾಯೀನ ಇಲ್ಲ, ಸಾಲ ಎಲ್ಲಿಂದ ಬಂತ್ರೀ?"

"ಅದನ್ನ ಅವ್ರಿಗೆ ತಿಳ್ಸಿ ಹೇಳಾಕ ಆಗ್ತೈತೇನು ನಿನಗ?"

ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸುಮ್ಮನೆ ಊಟ ಬಡಿಸಿದೆ. ಸಾರಿಗೆ ಉಪ್ಪು ಹಾಕಿರಲಿಲ್ಲ. ಅವರು ಹಾಗೇ ಉಂಡು ಎದ್ದರು.

ಜನವರಿ 27, ಸೋಮವಾರ

ಮಗಳು ಆಮ್ನಾ ಆನ್ ಆರ್ಬರ್‌ನಿಂದ ಫೋನ್ ಮಾಡಿದಾಗ ವಿಷಯ ಹೇಳಿದೆ. ನಾನು ಉರ್ದುವಿನಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. "ಅಮ್ಮೀ, ಡಿಸ್ಪ್ಯೂಟ್ ಇಟ್ ಇನ್ ರೈಟಿಂಗ್!" ಈ ಸಾಲ ನನ್ನದಲ್ಲ, ನನ್ನದೆನ್ನುವುದಕ್ಕೆ ಪುರಾವೆ ಕೊಡಿ ಎಂದು ಬರೆದು ಕಳಿಸಿದರೆ, ಪುರಾವೆ ಕೊಡುವವರೆಗೆ ಅವರು ವಸೂಲಿಗೆ ಬರುವ ಹಾಗಿಲ್ಲವಂತೆ. ಕಾನೂನೇ ಇದೆಯಂತೆ.

ಲೈಬ್ರರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತು ಓದಿದೆ. ವಸೂಲಿಯವರು ಏನು ಮಾಡಬಹುದು, ಏನು ಮಾಡಬಾರದು ಎಂದು ಸರ್ಕಾರದವರೇ ಬರೆದಿಟ್ಟಿದ್ದಾರೆ. ಓದಲು ಕಷ್ಟವೇ ಇಲ್ಲ. ಅಲ್ಲೇ ಕಾಗದ ಬರೆದು, ಪೋಸ್ಟ್ ಆಫೀಸಿಗೆ ಹೋಗಿ, ತಲುಪಿದ್ದಕ್ಕೆ ಅವರ ಸಹಿ ತರಿಸುವ ಅಂಚೆಯಲ್ಲಿ ಕಳಿಸಿದೆ.

ಸಂಜೆ ಶಿಕಾಗೋದಿಂದ ಮಗ ಹಮ್ಜಾ ಫೋನ್ ಮಾಡಿದ. ಆಮ್ನಾ ಅವನಿಗೆ ಹೇಳಿರಬೇಕು. ಪಾಪ, ಎಷ್ಟು ಗಾಬರಿಯಾಗಿದ್ದ! "ಅಮ್ಮೀ, ಜಸ್ಟ್ ಲೀವ್ ಇಟ್. ಐ'ಲ್ ಪೇ ಇಟ್, ಸ್ಲೋಲಿ." ತಾಯಿಗೆ ತೊಂದರೆಯಾಯಿತೆಂದರೆ ತನ್ನ ಸಂಬಳದಿಂದ ಕಟ್ಟುತ್ತೇನೆ ಎನ್ನುವ ಮಕ್ಕಳು ಈ ದೇಶದಲ್ಲಿ ಎಷ್ಟು ಜನರಿಗಿದ್ದಾರೆ? ಬೇಡವೆಂದೆ. ಕಣ್ಣು ತುಂಬಿಬಂತು.

ಫೆಬ್ರವರಿ 6, ಗುರುವಾರ

ಕಾಗದ ತಲುಪಿದೆ, ಸಹಿಯಾಗಿ ಬಂದ ಚೀಟಿ ನನ್ನ ಹತ್ತಿರವಿದೆ. ಆದರೂ ಬ್ರಾಂಡನ್ ಫೋನ್ ಮಾಡಿದ. ಎತ್ತಿದೆ, ಕಾನೂನು ಹೇಳೋಣವೆಂದು. ಬಾಯಿಗೆ ಬಂದದ್ದು ಬೇರೆಯೇ.

"ನಾಯಿ ಹೇಗಿದೆ?" ಎಂದು ಕೇಳಿದೆ.

(ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆದಾಗ ಅವನು ಇರುವುದಕ್ಕಿಂತ ಮರ್ಯಾದಸ್ಥನಾಗಿ ಕೇಳಿಸುತ್ತಾನೆ.)

"ಮೇಡಂ, ಅದು ನಿಮ್ಮ ನಾಯಿ."

"ನನ್ನದು ಅಂತ ನೀವು ಹೇಳುತ್ತಿದ್ದೀರಿ. ನನ್ನ ನಾಯಿಗೆ ಏನಾಗಿತ್ತು ಅಂತ ನನಗೆ ತಿಳಿಯಬೇಡವೇ?"

ಕೀಲಿಮಣೆ ಟಕಟಕ ಎಂದಿತು. "ಕಾಲುಚೀಲ ನುಂಗಿತ್ತು. ಹೊಟ್ಟೆ ಕುಯ್ದು ತೆಗೆದಿದ್ದಾರೆ."

"ಹತ್ತಿಯದಾ, ಉಣ್ಣೆಯದಾ?"

"ಏನು?"

"ಕಾಲುಚೀಲ. ನಾನು ಟೇಲರ್. ಹತ್ತಿಯದಾದರೆ ನೆನೆದು ಮೆತ್ತಗಾಗುತ್ತದೆ, ತಾನಾಗಿಯೇ ಹೊರಗೆ ಬರಬಹುದಿತ್ತು. ಆಪರೇಷನ್ ಬೇಕಿತ್ತೋ ಇಲ್ಲವೋ ಎಂದು ಮೊದಲು ನೋಡಬೇಕಲ್ಲ?"

ಕೀಲಿಮಣೆ ಮತ್ತೆ ಟಕಟಕ ಎಂದಿತು. ಕಂಪ್ಯೂಟರಿನಲ್ಲಿ ಹಾಗೇನೂ ಬರೆದಿಲ್ಲವಂತೆ. ವಿಚಾರಿಸಿ ತಿಳಿಸು ಎಂದೆ. ಈ ಸಲ ಅವನೇ "ಸಾರಿ" ಎಂದು ಫೋನ್ ಇಟ್ಟ.

ಇವರಿಗೆ ಹೇಳಿದೆ. ನಗು ತಡೆಯಲು ಚಹಾ ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದರು, ಬಟ್ಟಲು ಅಲ್ಲಾಡುತ್ತಿತ್ತು.

ಫೆಬ್ರವರಿ 15, ಶನಿವಾರ

ಇವತ್ತಿನದನ್ನು ಹೇಗೆ ಬರೆಯಲಿ!

ನಮ್ಮ ಬಡಾವಣೆಯಲ್ಲೇ ನಾಲ್ಕು ಮನೆ ಆಚೆ ಇರುವ ಛಾಯಾ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಮೈಸೂರಿನವಳು, ನನ್ನ ಮೊದಲ ರವಿಕೆ ಗಿರಾಕಿ, ಈಗ ಅದಕ್ಕಿಂತ ಹೆಚ್ಚು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಮಾತು ನಿಂತಿತು. ಛಾಯಾ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಅಲ್ಲ ಕಣೇ ಹಮೀದಾ, ನನ್ ಹತ್ರಾನೂ ಮುಚ್ಚಿಡೋದಾ?"

"ಏನನ್ನ?"

"ನಾಯೀನ! ಯಾವನೋ ಫೋನ್ ಮಾಡಿದ್ದ ಕಣೇ. ನಿಮ್ ನೇಬರ್ ಹಮೀದಾ ನಾಯಿ ಆಪರೇಷನ್ ಬಿಲ್ ಕಟ್ಟಿಲ್ಲ, ಫೋನ್ ಎತ್ತಿದ್ರೆ ಏನೇನೋ ಕೇಳ್ತಾರೆ, ನೀವಾದ್ರೂ ಹೇಳಿ ಅಂದ. ನಂಗೆ ನಾಯಿ ಅಲರ್ಜಿ ಅಂತ ಗೊತ್ತಿದ್ದೂ... ಹೋದ ಸಲ ನಿಮ್ಮನೇಲಿ ಬ್ಲೌಸ್ ಅಳತೆ ಕೊಡೋಕೆ ಬಂದಾಗ ಎಷ್ಟ್ ಸೀನಿದೆ ನೆನಪಿದ್ಯಾ?"

"ಛಾಯಾ, ನಮ್ಮನೆಯಲ್ಲಿ ನಾಯಿಯಿಲ್ಲ. ದೇವರಾಣೆಗೂ ಇಲ್ಲ. ನಮಾಜ್ ಮಾಡೋ ಮನೆ, ನಾನು ನಾಯಿ ಸಾಕ್ತೀನಾ?"

"ಅದಕ್ಕೇ ಮುಚ್ಚಿಟ್ಟಿದೀಯ ಅಂತ ಮನೋಹರ್ ಹೇಳಿದ್ರು," ಎಂದಳು.

ಊಟದ ತುಂಬ ನಾಯಿಯದೇ ಮಾತು. ಅವಳ ಗಂಡ ಮನೋಹರ್ ಪಕ್ಕದಲ್ಲಿ ಕೂತು ಯಾವ ಜಾತಿಯದು ಎಂದು ಮೆಲ್ಲಗೆ ಕೇಳಿದರು. ಇಂದುಮತಿ ಆಂಟಿ ಎಂಬತ್ತರ ಮುದುಕಿ, ನನ್ನ ಕೈ ಹಿಡಿದು, "ಸಾಕ್ಕೊಂಡ್ರೆ ಸಾಕ್ಕೋ ಮಗಳೇ, ಆದರೆ ಡಾಕ್ಟರ್ ದುಡ್ಡು ಕೊಟ್ಬಿಡು. ಮೂಕಪ್ರಾಣಿ," ಎಂದರು. ಇವರು ತಲೆ ಬಗ್ಗಿಸಿ ಪಲ್ಯ ತಿನ್ನುತ್ತಿದ್ದರು. ಬರುವಾಗ ಕಾರಿನಲ್ಲಿ ಕನ್ನಡ ಶುರುವಾಯಿತು. "ಕೊಟ್ಟ್ ಬಿಡು ಅಂದ್ರ ಕೇಳ್ಲಿಲ್ಲ. ಈಗ ನೋಡು, ಊರ ಮಂದಿ ಮುಂದ ನಾಯಿ ಹಿಡ್ಕೊಂಡ್ ನಿಂತೀವಿ."

ನನಗೆ ಬೇರೊಂದು ಯೋಚನೆ ಓಡುತ್ತಿತ್ತು. ಸಾಲದ ವಿಷಯವನ್ನು ಅಕ್ಕಪಕ್ಕದವರಿಗೆ ಹೇಳಬಾರದು. ಲೈಬ್ರರಿಯಲ್ಲಿ ಓದಿದ್ದೇನೆ.

ಫೆಬ್ರವರಿ 18, ಮಂಗಳವಾರ

ನಾನೇ ಫೋನ್ ಮಾಡಿದೆ. ಬ್ರಾಂಡನ್‌ಗೆ ಅದು ಮೊದಲ ಅನುಭವವಿರಬೇಕು, "ನೀವೇ ಮಾಡಿದಿರಾ?" ಎಂದು ಮತ್ತೆ ಮತ್ತೆ ಕೇಳಿದ. ಮೇಲಿನವರನ್ನು ಕೊಡು ಎಂದೆ. ಮಿಸೆಸ್ ಕೊವಾಲ್ಸ್ಕಿ ಎಂಬ ಹೆಂಗಸು ಬಂದಳು. ಧ್ವನಿ ಕೇಳಿದರೆ ಫ್ರಿಜ್ಜಿನಿಂದ ಈಗಷ್ಟೇ ತೆಗೆದಂತಿತ್ತು.

ಪುರಾವೆ ಕಳಿಸಿ ಎಂದೆ. ಬರುತ್ತದೆ ಎಂದಳು. ಛಾಯಾಗೆ ಯಾಕೆ ಹೇಳಿದಿರಿ ಎಂದೆ. ಅಂಥದ್ದೇನೂ ನಡೆದಿಲ್ಲ ಎಂದಳು. ಕೊನೆಗೆ, "ನಿಮ್ಮ ಹೆಸರನ್ನು ಬೇರೆ ಯಾರೋ ಬಳಸಿದ್ದಾರೆ ಎನ್ನುವುದಾದರೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಕಳಿಸಿ. ಇಲ್ಲದಿದ್ದರೆ ಹಣ ಕಟ್ಟಿ," ಎಂದಳು. ಹೆದರಿಸಲು ಹೇಳಿದ್ದು. ಪೊಲೀಸ್ ಎಂದರೆ ನಾನು ಸುಮ್ಮನಾಗುತ್ತೇನೆ ಎಂದುಕೊಂಡಿರಬೇಕು.

ನಿಜ, ಸುಮ್ಮನಾದೆ. ಆದರೆ ಒಳ್ಳೆಯ ಉಪಾಯ ಎನಿಸಿತು.

ಮಾರ್ಚ್ 4, ಮಂಗಳವಾರ

ಉಪವಾಸದ ದಿನಗಳು. ಮಧ್ಯಾಹ್ನ ಬ್ರಾಂಡನ್.

ಇವತ್ತು ಅವನ ಧ್ವನಿಯಲ್ಲಿ ಜೀವವೇ ಇರಲಿಲ್ಲ. ಬರೆದಿಟ್ಟದ್ದನ್ನು ಓದುತ್ತಾನೆ, ಪಾಪ, ಸಾಲಿನ ಮಧ್ಯೆ ಉಸಿರು ಸಿಕ್ಕಿಕೊಳ್ಳುತ್ತದೆ. ಊಟ ಮಾಡಿದ್ದೀಯಾ ಎಂದು ಕೇಳಿದೆ. ಚಿಪ್ಸ್ ತಿಂದನಂತೆ. ನನ್ನದು ಉಪವಾಸ, ನಿನ್ನದೇನು ಎಂದೆ. ಸಂಬಳ ಬರಲು ಇನ್ನೂ ಮೂರು ದಿನವಂತೆ. ಆಮೇಲೆ ತಡವರಿಸಿ, "ಮೇಡಂ, ಕಾಲುಚೀಲ ಉಣ್ಣೆಯದು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ," ಎಂದ.

ಉಣ್ಣೆಯದಾದರೆ ಆಪರೇಷನ್ ಬೇಕೇ ಬೇಕು. ಒಪ್ಪಿಕೊಂಡೆ. ನಾಯಿ ಈಗ ಚೆನ್ನಾಗಿದೆಯಂತೆ. ಯಾಕೋ ಸಮಾಧಾನವಾಯಿತು. ಸಾಲ ಮಾತ್ರ ನನ್ನದಲ್ಲ ಎಂದು ಹೇಳಿ ಇಟ್ಟೆ.

ಮಾರ್ಚ್ 12, ಬುಧವಾರ

ಬಡಾವಣೆಯ ಸಂಘದವರು ನಮ್ಮ ಅಂಚೆಪೆಟ್ಟಿಗೆ ಓರೆಯಾಗಿದೆ, ದಂಡ ಕಟ್ಟಿ ಎಂದಿದ್ದರು. ಹಿಮ ತೆಗೆಯಲು ನೀವೇ ಕಳಿಸಿದ ಲಾರಿ ಗುದ್ದಿ ಓರೆಯಾಗಿದೆ ಎಂದು ಫೋನ್ ಮಾಡಿ ಹೇಳಿದೆ. ದಂಡ ಬಿಟ್ಟರು. ಪೆಟ್ಟಿಗೆಯನ್ನೂ ಅವರೇ ನೆಟ್ಟಗೆ ಮಾಡಿಕೊಡುತ್ತಾರಂತೆ. ಎಷ್ಟು ಒಳ್ಳೆಯ ಜನ.

ಮಾರ್ಚ್ 25, ಮಂಗಳವಾರ

ತೀರ್ಮಾನಿಸಿದ್ದೇನೆ. ಹಬ್ಬ ಮುಗಿದ ಮೇಲೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುತ್ತೇನೆ: ಶಿಕಾಗೋದಲ್ಲಿ ಯಾವನೋ ಕಳ್ಳ ನನ್ನ ಹೆಸರಿನಲ್ಲಿ ನಾಯಿಗೆ ಚಿಕಿತ್ಸೆ ಮಾಡಿಸಿದ್ದಾನೆ, ಅವನನ್ನು ಹಿಡಿದು ತನ್ನಿ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೀಗೇ ಹಾಕಿದೆ. ಇವರು ಹೆಬ್ಬೆರಳೂ ಒತ್ತಲಿಲ್ಲ. ಆಮ್ನಾ ಕುಣಿಯುವ ಗೊಂಬೆ ಕಳಿಸಿದಳು.

ಹಮ್ಜಾ ಅರ್ಧ ಗಂಟೆಯಲ್ಲಿ ಮೂರು ಸಲ ಫೋನ್ ಮಾಡಿದ. ಹೋಗಬೇಡ, ಅವಸರ ಮಾಡಬೇಡ, ಈದ್‌ಗೆ ನಾನೇ ಬರುತ್ತೇನೆ, ನಾನು ಬರುವವರೆಗೆ ಠಾಣೆ ಕಡೆ ತಲೆ ಹಾಕಬೇಡ. ಮೊನ್ನೆಯಷ್ಟೇ ರಜೆಯಿಲ್ಲ ಎಂದಿದ್ದ ಹುಡುಗ! ತಾಯಿ ಒಬ್ಬಳೇ ಠಾಣೆ ಮೆಟ್ಟಿಲು ಹತ್ತಬಾರದೆಂದು ಅವನಿಗೆ. ಅವನಿಗಿಷ್ಟವಾದ ಮಟನ್ ಕುರ್ಮಾ ಮಾಡಬೇಕು.

ಮಾರ್ಚ್ 30, ಭಾನುವಾರ

ಈ ಸಲ ಈದ್ ಮತ್ತು ಯುಗಾದಿ ಒಂದೇ ದಿನ. ಬೆಳಿಗ್ಗೆ ಮಸೀದಿಯಿಂದ ಬಂದು ಶೀರ್ ಖುರ್ಮಾ ಬಡಿಸುತ್ತಿರುವಾಗ ಹಮ್ಜಾ ಬಂದ. ಎಷ್ಟು ಇಳಿದುಹೋಗಿದ್ದಾನೆ. ಕಾರನ್ನು ಗರಾಜಿನೊಳಗೆ ನಿಲ್ಲಿಸಿ ಬಾಗಿಲು ಹಾಕಿಬಂದ. ಬ್ಯಾಗನ್ನು ಒಳಗೆ ತರಲೊಲ್ಲ. ನಾನು ತರುತ್ತೇನೆ ಎಂದು ಎದ್ದರೆ ತೋಳು ಹಿಡಿದು ಕೂರಿಸಿದ. "ಅಮ್ಮೀ, ಪ್ಲೀಸ್. ಈಟ್ ಫಸ್ಟ್. ದೆನ್ ಐ ನೀಡ್ ಟು ಟಾಕ್."

ಅಷ್ಟರಲ್ಲಿ ಛಾಯಾ, ಮನೋಹರ್ ಬೇವುಬೆಲ್ಲ, ಒಬ್ಬಟ್ಟು ಹಿಡಿದು ಬಂದರು. ನಾನು ಶೀರ್ ಖುರ್ಮಾ ಬಟ್ಟಲು ಅವಳ ಕೈಗಿಟ್ಟೆ. ಒಂದು ಚಮಚ ಬಾಯಿಗಿಟ್ಟಳು, ಸೀನಿದಳು. ಇನ್ನೊಂದು ಸಲ ಸೀನಿದಳು. ಹಮ್ಜಾನ ಕಡೆ ತಿರುಗಿ ಮೂರನೆಯ ಸಲ ಸೀನಿದಳು.

ಗರಾಜಿನೊಳಗಿಂದ ನಾಯಿ ಬೊಗಳಿತು.

ಛಾಯಾ ಮೂಗು ಒರೆಸಿಕೊಂಡು, ಬಟ್ಟಲನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, "ನಾನ್ ಹೇಳ್ಲಿಲ್ವಾ?" ಎಂದಳು.

ಇವರು ಎದ್ದು ಗರಾಜಿನ ಬಾಗಿಲು ತೆಗೆದರು. ಕಂದು ಬಣ್ಣದ್ದು, ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡದ್ದು, ಬಾಲ ಆಡಿಸುತ್ತಾ ನಿಂತಿತ್ತು. ಹೊಟ್ಟೆಯ ಮೇಲೆ ಕೂದಲು ಸರಿಯಾಗಿ ಬೆಳೆಯದ ಉದ್ದ ಗೆರೆ. ಹೊಲಿಗೆ ಚೆನ್ನಾಗಿ ಹಾಕಿದ್ದಾರೆ, ಒಂದೇ ಅಳತೆ.

"ಪಿಕಲ್?" ಎಂದೆ. ಓಡಿಬಂದಿತು.

ಹಮ್ಜಾ ಅಲ್ಲೇ ಗರಾಜಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದ. ನಾಯಿ ಅವನದು. ಆಸ್ಪತ್ರೆಯಲ್ಲಿ ಎಚ್. ದಸ್ತಗೀರ್ ಎಂದು ತನ್ನದೇ ಹೆಸರು ಬರೆದಿದ್ದಾನೆ. ಲೈಸೆನ್ಸಿನಲ್ಲಿರುವ ನಮ್ಮ ಮನೆಯ ವಿಳಾಸ, ತುರ್ತಿಗೆ ನನ್ನ ನಂಬರು ಕೊಟ್ಟಿದ್ದಾನೆ. ಕೆಲವು ಕಂತು ಕಟ್ಟಿ ಆಮೇಲೆ ನಿಲ್ಲಿಸಿದನಂತೆ. ವಸೂಲಿಯವರು ಆ ವಿಳಾಸ ಹುಡುಕಿ ಬಂದಾಗ ಇಲ್ಲಿದ್ದ ಎಚ್. ದಸ್ತಗೀರ್ ನಾನು. ಮೋಸವೇನೂ ಅವನು ಮಾಡಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ, ಅಷ್ಟೇ. ಪೊಲೀಸರು ತನ್ನನ್ನೇ ಹಿಡಿಯುತ್ತಾರೆ ಎಂದು ಹೆದರಿ ಮಿಷಿಗನ್‌ವರೆಗೆ ಓಡಿಬಂದಿದ್ದಾನೆ.

"ನಾಯಿ ವಿಷಯ ಯಾಕ ಮುಚ್ಚಿಟ್ಟಿ?" ಎಂದರು ಇವರು, ಕನ್ನಡದಲ್ಲಿ. ಮಗನಿಗೆ ಕನ್ನಡ ಬರುವುದಿಲ್ಲ. ಆದರೂ ತಿಳಿಯಿತು.

"ಯೂ'ಡ್ ಸೇ ನೋ."

ಮೊದಲು ಕಟ್ಟುತ್ತಿದ್ದೆಯಲ್ಲ, ಆಮೇಲೆ ಯಾಕೆ ನಿಲ್ಲಿಸಿದೆ ಎಂದು ಮನೋಹರ್ ಕೇಳಿದರು. ಅವನು ನಾಯಿಯ ಕಿವಿ ಸವರುತ್ತಾ ಕೂತ.

ಮಾರ್ಚ್ 31, ಸೋಮವಾರ

ಕೆಲಸ ಹೋಗಿದೆ. ಸೆಪ್ಟೆಂಬರಿನಲ್ಲೇ. ಅಂದಿನಿಂದ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಿದ್ದನಂತೆ.

ಪ್ರತಿ ಭಾನುವಾರ ಕೆಲಸ ಹೇಗಿದೆ ಎಂದು ಕೇಳಿದ್ದೇನೆ. "ಬಿಜಿ, ಅಮ್ಮೀ" ಎಂದಿದ್ದಾನೆ. ಬ್ರಾಂಡನ್‌ನ ಒಂದೊಂದು ಮಾತನ್ನೂ ಹಿಡಿದು ಜಗ್ಗಿದವಳು, ಮಗನ ಆ ಒಂದು ಮಾತನ್ನು ಜಗ್ಗಿ ನೋಡಲಿಲ್ಲ.

ಇವರು ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಗರಾಜಿಗೆ ಹೋಗಿ ನಾಯಿಗೆ ನೀರಿಟ್ಟು ಹೋದರು.

ಏಪ್ರಿಲ್ 2, ಬುಧವಾರ

ಇವರು ಚೆಕ್ ಪುಸ್ತಕ ತೆಗೆದರು. ಮಗನಿಗೆ ಕಷ್ಟ, ಪೂರ್ತಿ ಕಟ್ಟಿ ಮುಗಿಸೋಣ ಎಂದರು. ನಾನು ಪುಸ್ತಕ ತೆಗೆದುಕೊಂಡು ಅದರ ಮೇಲೆ ಕೂತೆ. ಅವನ ನಾಯಿ, ಅವನ ಸಾಲ, ಅವನೇ ತೀರಿಸಲಿ. ಎಷ್ಟು ತೀರಿಸಬೇಕು ಎನ್ನುವುದನ್ನು ಮಾತ್ರ ನಾನು ನೋಡುತ್ತೇನೆ ಎಂದೆ.

ಛಾಯಾಳನ್ನು ಕರೆಸಿ, ಅಲರ್ಜಿ ಮಾತ್ರೆ ಕೊಟ್ಟು, ಊಟದ ಮೇಜಿನ ಮುಂದೆ ಕೂರಿಸಿದೆ. ಹಮ್ಜಾ ಎದುರಿಗೆ. ಫೋನನ್ನು ಸ್ಪೀಕರಿಗೆ ಹಾಕಿ ಮಿಸೆಸ್ ಕೊವಾಲ್ಸ್ಕಿಯನ್ನು ಕೇಳಿದೆ.

"ಎಚ್. ದಸ್ತಗೀರ್ ಎಂದರೆ ಯಾರು, ಹೇಳಿ."

"ನೀವು, ಮೇಡಂ."

"ನಾನು ಹಮೀದಾ. ಇದು ನನ್ನ ಸಾಲವಲ್ಲ, ಪುರಾವೆ ಕೊಡಿ ಎಂದು ಜನವರಿಯಲ್ಲಿ ಬರೆದಿದ್ದೆ. ತಲುಪಿದ್ದಕ್ಕೆ ನಿಮ್ಮವರ ಸಹಿಯಿದೆ. ಪುರಾವೆ ಕೊಟ್ಟಿರಾ?"

"ಅದು ಪರಿಶೀಲನೆಯಲ್ಲಿ..."

"ಇಲ್ಲ ಅಂತ ಬರೆದುಕೊಳ್ಳುತ್ತೇನೆ. ಫೋನ್ ನಿಲ್ಲಿಸಿದಿರಾ? ಅದೂ ಇಲ್ಲ. ನೆರೆಮನೆಯವರಿಗೆ ನನ್ನ ಸಾಲದ ವಿಷಯ ಹೇಳಿದಿರಾ? ಅವರು ಇಲ್ಲೇ ಕೂತಿದ್ದಾರೆ."

"ಯೆಸ್, ಐ ಆಮ್ ಹಿಯರ್!" ಎಂದು ಛಾಯಾ ನ್ಯಾಯಾಲಯದಲ್ಲಿ ನಿಂತವಳಂತೆ ಕೂಗಿದಳು. ಜೊತೆಗೊಂದು ಸೀನು.

"ಈಗ ನಾನು ಇದನ್ನು ಹಿಡಿದು ವಕೀಲರ ಹತ್ತಿರ ಹೋಗಬಹುದು. ಅಥವಾ ನಾವಿಬ್ಬರೂ ಕೂತು ಮಾತಾಡಬಹುದು. ನಿಮಗೆ ಯಾವುದು ಅನುಕೂಲ?"

ಕಾಯಲು ಹೇಳಿ ಸಂಗೀತ ಹಾಕಿದಳು. ಆ ಹೊತ್ತಿನಲ್ಲಿ ನಾನೊಂದು ಲಂಗದ ಅಂಚು ಹೊಲಿದು ಮುಗಿಸಿದೆ. ಇವರು ಎಲ್ಲರಿಗೂ ಚಹಾ ತಂದಿಟ್ಟರು. ಮದುವೆಯಾದ ಮೇಲೆ ನಾನು ಕೇಳದೆ ಅವರು ಚಹಾ ಮಾಡಿದ್ದು ಇದೇ ಮೊದಲು, ಸಕ್ಕರೆ ಮರೆತಿದ್ದರು.

ತಿರುಗಿ ಬಂದ ಮಿಸೆಸ್ ಕೊವಾಲ್ಸ್ಕಿ ಬೇರೆಯೇ ಹೆಂಗಸು. ನನ್ನ ಹೆಸರಿನಿಂದ ಸಾಲ ತೆಗೆಯುತ್ತಾರೆ, ಕ್ರೆಡಿಟ್ ರಿಪೋರ್ಟಿನಿಂದಲೂ ಅಳಿಸುತ್ತಾರೆ. ಬರೆದು ಕಳಿಸಿ ಎಂದೆ, ಒಪ್ಪಿದಳು. ಆಗ ಹಮ್ಜಾನ ಕಡೆ ಫೋನ್ ತಳ್ಳಿದೆ. "ನಿನ್ನ ಸಾಲ. ನಿನ್ನ ಬಾಯಿಂದ ಹೇಳು."

ಅವನು ಹೇಳಿದ. ಪೂರ್ತಿ ಹೆಸರು, ನಾಯಿಯ ಹೆಸರು, ಕೆಲಸವಿಲ್ಲ ಎನ್ನುವುದನ್ನೂ. ಮಧ್ಯೆ ನಿಲ್ಲಿಸಲಿಲ್ಲ. ಆಮೇಲೆ ಫೋನ್ ನಾನು ತೆಗೆದುಕೊಂಡೆ.

ಅವಳು ಅರ್ಧಕ್ಕೆ ಇಳಿದಳು. ರಾಣೆಬೆನ್ನೂರಿನ ಬಟ್ಟೆ ಅಂಗಡಿಗಳಲ್ಲಿ ನಮ್ಮ ಅಮ್ಮ ಅರ್ಧ ಎಂದರೆ ಚಪ್ಪಲಿ ಮೆಟ್ಟಿಕೊಂಡು ಎದ್ದುಬಿಡುತ್ತಿದ್ದಳು. ಫೋನಿನಲ್ಲಿ ಎದ್ದುಹೋಗುವುದು ಹೇಗೆ? ಕುರ್ಚಿಯನ್ನು ಜೋರಾಗಿ ಹಿಂದಕ್ಕೆ ತಳ್ಳಿದೆ. ಸದ್ದು ಅಲ್ಲಿಗೂ ಕೇಳಿಸಿತು. "ಮೇಡಂ, ಇದ್ದೀರಾ?" ಎಂದಳು. ಸಾವಿರದ ಮುನ್ನೂರಕ್ಕೆ ನಿಂತಿತು, ತಿಂಗಳಿಗೆ ನೂರರಂತೆ.

ಫೋನ್ ಇಟ್ಟ ಮೇಲೆ ಛಾಯಾ ಚಪ್ಪಾಳೆ ತಟ್ಟಿದಳು. ಇವರು ನನ್ನನ್ನೇ ನೋಡುತ್ತಿದ್ದರು, ಬೀದಿಯಲ್ಲಿ ಪರಿಚಯದ ಮುಖ ಕಂಡೂ ಹೆಸರು ನೆನಪಾಗದವರ ಹಾಗೆ. ನಾನು ಏನು ಮಾಡಿದೆನೆಂದು? ಇದ್ದದ್ದನ್ನು ಹೇಳಿದೆ ಅಷ್ಟೆ. ಜಗಳವಾಡುವುದು ನನಗೆ ಮೊದಲಿನಿಂದಲೂ ಆಗದು.

ಏಪ್ರಿಲ್ 24, ಗುರುವಾರ

ಅಂಗಡಿ ಕರಾರಿಗೆ ಸಹಿಯಾಯಿತು. ಇವರು ಪೆನ್ನಿನ ಮುಚ್ಚಳ ತೆಗೆದಿದ್ದರು. ಸ್ವಲ್ಪ ತಡೀರಿ ಎಂದು ಇಡೀ ಕರಾರು ಓದಿದೆ. ಅಂಗಡಿ ಮುಂದಿನ ಹಿಮ ನಾವು ತೆಗೆಯಬೇಕೆಂದಿತ್ತು. ಹೊಡೆದುಹಾಕಿಸಿದೆ. ಮೊದಲ ತಿಂಗಳ ಬಾಡಿಗೆ ಬಿಡಿಸಿದೆ. ಇವರು ಮಧ್ಯದಲ್ಲೇ ಎದ್ದು ಕಾರಿನಲ್ಲಿ ಹೋಗಿ ಕೂತರು, ನಾಚಿಕೆಯಾಯಿತಂತೆ. ಸಹಿ ನನ್ನೊಬ್ಬಳದೇ.

ಹಮ್ಜಾ ಇಲ್ಲೇ ವಿಕ್ಸಮ್‌ನ ಬಿಡಿಭಾಗಗಳ ಗೋದಾಮಿನಲ್ಲಿ ಕೆಲಸ ಹಿಡಿದಿದ್ದಾನೆ, ಬೇರೆಯದು ಸಿಗುವವರೆಗೆ. ನಾಯಿ ಬೇಸ್‌ಮೆಂಟಿನಲ್ಲಿದೆ, ಅದೂ ಬೇರೆ ವ್ಯವಸ್ಥೆ ಆಗುವವರೆಗೆ. ನಮಾಜಿನ ಕೋಣೆ ಮೇಲೆ, ಅದು ಕೆಳಗೆ. ಒಬ್ಬರ ತಂಟೆಗೆ ಒಬ್ಬರಿಲ್ಲ. ಇವರು ದಿನಾ ಸಂಜೆ ಅದನ್ನು ನಡೆಸಿಕೊಂಡು ಹೋಗುತ್ತಾರೆ, ಬರೀ ತಮ್ಮ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು.

ಮೇ 10, ಶನಿವಾರ

ಅಂಗಡಿ ತೆರೆದು ವಾರವಾಯಿತು. ಶನಿವಾರವಾದ್ದರಿಂದ ಇವರೂ ಬಂದು ಇಸ್ತ್ರಿ ಹಿಡಿದಿದ್ದರು. ಒಬ್ಬ ಗಿರಾಕಿ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ, ನಾನು ಮಂಡಿಯೂರಿ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದೆ.

"ಮೇಡಂ, ನಾನು ಬ್ರಾಂಡನ್. ಇದು ನನ್ನ ಸ್ವಂತ ನಂಬರು. ಆ ಕೆಲಸ ಬಿಟ್ಟೆ."

ಒಳ್ಳೆಯದಾಯಿತು ಎಂದೆ. ಅವನು ಇಡಲಿಲ್ಲ. ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು ಹೇಳಿದ: ಅವನ ಹಳೆಯ ಕಾರನ್ನು ಸಾಲ ಕೊಟ್ಟವರೇ ಎಳೆದುಕೊಂಡು ಹೋಗಿ ಮಾರಿದ್ದರಂತೆ. ಎಲ್ಲ ಚುಕ್ತಾ ಆಯಿತು ಎಂದು ಅಂದೇ ಹೇಳಿದ್ದರಂತೆ. ಈಗ ಬೇರೊಂದು ವಸೂಲಿ ಕಂಪನಿಯವರು ಇನ್ನೂ ಎರಡು ಸಾವಿರ ಕೊಡಬೇಕು ಎನ್ನುತ್ತಿದ್ದಾರೆ. ಮೊನ್ನೆ ಅವನ ಅಜ್ಜಿಗೂ ಫೋನ್ ಮಾಡಿ ಹೇಳಿದ್ದಾರೆ.

"ನೀನೇ ಈ ಕೆಲಸ ಮಾಡಿದವನು. ಏನು ಹೇಳಬೇಕು ಅಂತ ನಿನಗೆ ಗೊತ್ತಿಲ್ಲವೇ?"

"ಎಲ್ಲಾ ಗೊತ್ತು ಮೇಡಂ. ಆದರೆ ಅವರು ನನ್ನ ಹೆಸರು ಹೇಳಿದ ಕೂಡಲೇ ನನ್ನ ಬಾಯಿಂದ ಸಾರಿ ಒಂದೇ ಬರುತ್ತದೆ."

ಗಿರಾಕಿಗೆ, ಸ್ವಲ್ಪ ಹಾಗೇ ನಿಂತಿರಿ, ಸೂಜಿ ಚುಚ್ಚೀತು ಎಂದೆ. ಇವರು ಇಸ್ತ್ರಿ ಎತ್ತಿ ಹಿಡಿದು, "ಯಾರದು?" ಎಂದರು.

"ಒಬ್ಬ ಹುಡುಗಗ ತೊಂದ್ರಿ ಆಗೈತ್ರಿ."

"ಮತ್ತ ಜಗಳಾ ತೆಗೀತಿ?"

"ಏ, ಇಲ್ರೀ. ಒಂದ ಒಂದು ಫೋನು."

ಬ್ರಾಂಡನ್‌ನಿಂದ ಆ ಕಂಪನಿಯ ನಂಬರು ತೆಗೆದುಕೊಂಡೆ. ಅವನನ್ನೂ ಲೈನಿನಲ್ಲೇ ಇಟ್ಟುಕೊಂಡು, ನಿನ್ನ ಹೆಸರು ಕೇಳಿದಾಗ ಹೆಸರು ಹೇಳು, ನನ್ನ ಪರವಾಗಿ ಇವರು ಮಾತಾಡುತ್ತಾರೆ ಎನ್ನು, ಆಮೇಲೆ ಬಾಯಿ ಬಿಡಬೇಡ ಎಂದು ಹೇಳಿಕೊಟ್ಟೆ. ಆ ಕಡೆ ಫೋನ್ ಎತ್ತಿದವಳು ಎಳೆಯ ಹುಡುಗಿ. ಬಹಳ ಮೆತ್ತಗೆ ಮಾತಾಡುತ್ತಿದ್ದಳು, ಕೆಲಸಕ್ಕೆ ಹೊಸಬಳಿರಬೇಕು. ನಾನು ನಿಮಗೆ ಹೇಗೆ ಸಹಾಯ ಮಾಡಲಿ ಎಂದು ಕೇಳಿದಳು.

ಪಾಪ ಎನಿಸಿತು. ಆದರೂ ಶುರುಮಾಡಿದೆ.